ಅಳಿಯಸಂತಾನದ ಕಟ್ಟಿನಲ್ಲಿ ಹೆಣ್ಣಿನ ಬೆಲೆ, ಗಂಡಿನ ಬೆಲೆ

ಒಂದು ಸಮಾಜವು ಹೆಣ್ಣಿಗೆ ಏನು ಬೆಲೆ ಕೊಟ್ಟಿದೆ, ಗಂಡಿಗೆ ಏನು ಬೆಲೆ ಕೊಟ್ಟಿದೆ ಎಂಬುದನ್ನು ತಿಳಿಯಲು ಆ ಸಮಾಜದ ನೀತಿವಾಕ್ಯಗಳನ್ನು ಓದಿದರೆ ಸಾಲದು. ಆಸ್ತಿಯು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಮನೆಯ ವ್ಯವಹಾರಕ್ಕೆ ಯಾರ ರುಜು ನಡೆಯಿತು, ಹುಟ್ಟಿದ ಮಕ್ಕಳು ಯಾರ ಕುಲಕ್ಕೆ ಸೇರಿದರು, ಬಾಳು ಮುರಿದು ಬಂದವರಿಗೆ ಯಾವ ಮನೆಯ ಬಾಗಿಲು ತೆರೆಯಿತು ಎಂಬಿವೇ ಮೊದಲಾದ ಸಂಗತಿಗಳನ್ನು ವಿಚಾರಿಸಬೇಕು. ಈ ದೃಷ್ಟಿಯಿಂದ ನೋಡಿದರೆ ನಮ್ಮ ಕಾಸರಗೋಡು ಸೀಮೆಯೂ ಅದಕ್ಕೆ ಹೊಂದಿಕೊಂಡ ತುಳುನಾಡೂ ಇತಿಹಾಸದ ವಿದ್ಯಾರ್ಥಿಗೆ ಅಪೂರ್ವವಾದ ಸಾಮಗ್ರಿಯನ್ನು ಒದಗಿಸುತ್ತವೆ. ಒಂದೇ ಊರಿನಲ್ಲಿ, ಒಂದೇ ಬಯಲಿನ ಎರಡು ಬದಿಗಳಲ್ಲಿ, ಮಕ್ಕಳಕಟ್ಟಿನ ಮನೆ ಒಂದು, ಅಳಿಯಕಟ್ಟಿನ ಮನೆ ಒಂದು ಎಂಬಂತೆ ಎರಡು ಬೇರೆ ಬೇರೆ ಅಳತೆಗೋಲುಗಳು ಶತಮಾನಗಳ ಕಾಲ ಜೊತೆಜೊತೆಯಾಗಿ ನಡೆದುಬಂದ ಪ್ರದೇಶ ಇದು.

ಬ್ರಾಹ್ಮಣರೇ ಮೊದಲಾದವರು ಮಕ್ಕಳಕಟ್ಟಿನವರು. ಅಲ್ಲಿ ತಂದೆಯ ಆಸ್ತಿ ಮಗನಿಗೆ ಬರತಕ್ಕದ್ದು. ಬಂಟರು, ಬಿಲ್ಲವರು, ಮೊಗವೀರರು, ಜೈನರಲ್ಲಿ ಹಲವರು ಅಳಿಯಕಟ್ಟಿನವರು. ಅಲ್ಲಿ ತಾಯಿಯ ಮೂಲಕ ಕುಟುಂಬ, ತಾಯಿಯ ಮೂಲಕ ಬಳಿ, ತಾಯಿಯ ಮೂಲಕವೇ ಆಸ್ತಿ. ಚಂದ್ರಗಿರಿ ಹೊಳೆಯಿಂದ ತೆಂಕಲಿಗೆ ಹೋದಂತೆ ಇದೇ ಬಗೆಯ ಪದ್ಧತಿಯು ಮರುಮಕ್ಕತ್ತಾಯವೆಂಬ ಹೆಸರಿನಿಂದ ಮಲೆಯಾಳದಲ್ಲಿ ಹಬ್ಬಿತ್ತು. ಹೊರಗಿನಿಂದ ಬಂದು ನೋಡಿದವರು, ಇದು ಹೆಂಗಸರ ರಾಜ್ಯವೆಂದು ಬೆರಗಾಗಿ ಬರೆದದ್ದುಂಟು. ಈಗಲೂ ಅನೇಕ ಪುಸ್ತಕಗಳಲ್ಲಿ ತುಳುನಾಡು ಸ್ತ್ರೀಸ್ವಾತಂತ್ರ್ಯದ ತವರೆಂಬ ಮಾತು ಕಾಣುತ್ತದೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರಿಶೀಲಿಸುವುದೇ ನಮ್ಮ ಈ ಪ್ರಬಂಧದ ಉದ್ದೇಶ.

ಹೆಸರಿನಲ್ಲಿರುವ ಸಂಗತಿ

ಮೊದಲು ಹೆಸರನ್ನೇ ನೋಡೋಣ. ವಂಶವು ಹರಿಯುವುದು ಹೆಣ್ಣಿನ ಮೂಲಕ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ. ಹಾಗಿದ್ದ ಮೇಲೆ ಈ ಕಟ್ಟಿಗೆ ಮಗಳ ಸಂತಾನವೆಂದೋ ತಾಯಿಯ ಸಂತಾನವೆಂದೋ ಹೆಸರು ಬರಬೇಕಾಗಿತ್ತು. ಬಂದ ಹೆಸರು ಅಳಿಯಸಂತಾನ. ಇಲ್ಲಿ ಅಳಿಯನೆಂದರೆ ಮಗಳ ಗಂಡನಲ್ಲ, ಸೋದರಿಯ ಮಗ. ಮಾವನೆಂಬ ಗಂಡಸಿನಿಂದ ಅಳಿಯನೆಂಬ ಗಂಡಸಿಗೆ ಅಧಿಕಾರವು ದಾಟುವುದನ್ನು ನೋಡಿ ಇಟ್ಟ ಹೆಸರು ಇದು. ನಡುವೆ ನಿಂತ ಸೋದರಿ, ಅಂದರೆ ಆ ಅಳಿಯನನ್ನು ಹೆತ್ತವಳು, ಹೆಸರಿನಲ್ಲಿ ಇಲ್ಲವೇ ಇಲ್ಲ. ಮರುಮಕ್ಕತ್ತಾಯವೆಂಬ ಮಲೆಯಾಳದ ಹೆಸರಿನಲ್ಲಿಯೂ ಮಾವನ ನೆಲೆಯಲ್ಲಿ ನಿಂತು ಸೋದರಿಯ ಮಕ್ಕಳನ್ನು ನೋಡುವ ದೃಷ್ಟಿಯೇ ಇದೆ. ಹೆಣ್ಣಿನ ಮೂಲಕ ಬಾಧ್ಯತೆ, ಗಂಡಿನ ಹೆಸರಿನಿಂದ ವ್ಯವಹಾರ ಎಂಬ ಈ ಇಬ್ಬಗೆಯು ಕಟ್ಟಿನ ಉದ್ದಕ್ಕೂ ಇರುವುದನ್ನು ನಾವು ಮುಂದೆ ಕಾಣಲಿದ್ದೇವೆ.

ಭೂತಾಳಪಾಂಡ್ಯನ ಐತಿಹ್ಯ

ಈ ಕಟ್ಟಿನ ಉತ್ಪತ್ತಿಯನ್ನು ಹೇಳುವ ಐತಿಹ್ಯವು ನಮ್ಮ ಓದುಗರಿಗೆ ತಿಳಿದದ್ದೇ. ದೇವಪಾಂಡ್ಯನೆಂಬವನು ಹಡಗುಗಳನ್ನು ಕಟ್ಟಿಸಿ ಸರಕು ತುಂಬಿಸಿದನು. ಕುಂಡೋದರನೆಂಬ ಭೂತವು ನರಬಲಿಯನ್ನು ಕೇಳಿ ಅವನ್ನು ತಡೆಯಿತು. ದೇವಪಾಂಡ್ಯನು ತನ್ನ ಮಕ್ಕಳಲ್ಲಿ ಒಬ್ಬನನ್ನು ಕೊಡಲು ಹೊರಟಾಗ ಹೆಂಡತಿಯು ಒಪ್ಪಲಿಲ್ಲ. ಸೋದರಿಯಾದ ಸತ್ಯವತಿಯು ತನ್ನ ಮಗ ಜಯಪಾಂಡ್ಯನನ್ನು ಕೊಡಲು ಮುಂದೆ ಬಂದಳು. ಭೂತವು ಬಾಲಕನಲ್ಲಿ ರಾಜಲಕ್ಷಣವನ್ನು ಕಂಡು ಬಲಿಯನ್ನು ಬಿಟ್ಟುಕೊಟ್ಟಿತು. ಸ್ವಂತ ಮಕ್ಕಳಿಗೆ ಸಲ್ಲಬೇಕಾದ ಆಸ್ತಿಯು ಅಳಿಯನಿಗೆ ಸಲ್ಲುವಂತಾಯಿತು. ಅವನೇ ಭೂತಾಳಪಾಂಡ್ಯನೆನ್ನಿಸಿ, ನಾಡಿನಲ್ಲೆಲ್ಲ ಇದೇ ಕಟ್ಟು ನಡೆಯಲೆಂದು ವಿಧಿಸಿದನು.

ಇದನ್ನು ಕ್ರಿಸ್ತಶಕ ಒಂದನೆಯ ಶತಮಾನದ ಘಟನೆಯೆಂದು ಹೇಳುವ ವಾಡಿಕೆಯಿದ್ದರೂ ಅದಕ್ಕೆ ಶಾಸನದ ಆಧಾರವಿಲ್ಲ. ಭೂತಾಳಪಾಂಡ್ಯನ ಹೆಸರಿನಲ್ಲಿ ಪ್ರಚಾರದಲ್ಲಿರುವ ಕಟ್ಟುಕಟ್ಟಳೆಯ ಗ್ರಂಥವನ್ನೂ ಪ್ರಾಚೀನವೆಂದು ವಿದ್ವಾಂಸರು ಒಪ್ಪಿಲ್ಲ. ಆದರೂ ಐತಿಹ್ಯವು ಇತಿಹಾಸವಲ್ಲವೆಂದು ಅದನ್ನು ತಳ್ಳಿಬಿಡುವುದು ಸರಿಯಲ್ಲ. ಘಟನೆಯ ವಿಷಯದಲ್ಲಿ ಅದು ಸಾಕ್ಷಿಯಾಗದಿದ್ದರೂ ಅದನ್ನು ಹೇಳುತ್ತ ಬಂದವರ ಮನಸ್ಸಿಗೆ ಅದು ಸಾಕ್ಷಿ.

ಆ ಮನಸ್ಸು ಹೇಗೆ ತೂಗಿದೆಯೆಂಬುದನ್ನು ನೋಡಬೇಕು. ಈ ಕಥೆಯಲ್ಲಿ ಇಬ್ಬರು ಹೆಂಗಸರು. ಮಗನನ್ನು ಕೊಡೆನೆಂದವಳು ಒಬ್ಬಳು, ಕೊಡುತ್ತೇನೆಂದವಳು ಒಬ್ಬಳು. ಹಡೆದ ಮಗುವನ್ನು ಕಾಪಾಡಿದವಳಿಗೆ ಕಥೆಯು ಕೊಟ್ಟದ್ದು ದಂಡನೆ. ಅವಳ ಮಕ್ಕಳಿಗೆ ಆಸ್ತಿ ತಪ್ಪಿತು. ಅಣ್ಣನ ಕಾರ್ಯಕ್ಕಾಗಿ ಮಗುವನ್ನು ಒಪ್ಪಿಸಿದವಳಿಗೆ ಮೆಚ್ಚಿಕೆ. ಆ ಮೆಚ್ಚಿಕೆಯೂ ಅವಳ ಕೈಗೆ ಬಂದದ್ದಲ್ಲ, ಮಗನ ಕೈಗೆ ಬಂದದ್ದು. ಮಗನನ್ನು ಬಲಿ ಕೊಡಲು ಹೊರಟ ದೇವಪಾಂಡ್ಯನ ಮೇಲೆ ಮಾತ್ರ ಯಾವ ದೋಷವೂ ಇಲ್ಲ. ಅವನ ಹಡಗುಗಳು ಸುಖವಾಗಿ ಸಾಗಿದವು. ಮನೆತನದ ಲಾಭಕ್ಕೆ ಒದಗಿದಷ್ಟರಮಟ್ಟಿಗೆ ಹೆಣ್ಣಿಗೆ ಬೆಲೆ ಎಂಬ ನಿರ್ಣಯವು, ತಾಯಿಯ ವಂಶವನ್ನು ಎತ್ತಿಹಿಡಿಯುವ ಈ ಕಥೆಯಲ್ಲಿಯೇ ಅಡಗಿರುವುದು ವಿಚಾರಾರ್ಹ.

ಸಿಂಹಾಸನದಲ್ಲಿ ಕುಳಿತವರು

ಹೀಗೆಂದ ಮಾತ್ರಕ್ಕೆ ಕರಾವಳಿಯಲ್ಲಿ ಹೆಂಗಸರು ಆಳಲಿಲ್ಲವೆಂದು ತಿಳಿಯಬಾರದು. ಬಾರಕೂರಿನ ಅಳುಪರಲ್ಲಿ 13ನೆಯ ಶತಮಾನದ ಉತ್ತರಾರ್ಧದಲ್ಲಿ, ಗಂಡನಾದ ವೀರಪಾಂಡ್ಯನ ಅನಂತರ, ಬಲ್ಲಮಹಾದೇವಿಯು ರಾಜ್ಯಭಾರ ಮಾಡಿದಳು. ಅವಳ ಶಾಸನಗಳಲ್ಲಿ ಕಾಣುವ ಬಿರುದುಗಳು ಅಳುಪ ಅರಸರು ಧರಿಸುತ್ತಿದ್ದ ಬಿರುದುಗಳೇ. ಹೆಣ್ಣು ಆಳಿದಾಗ ಹೆಣ್ಣಿಗೆ ತಕ್ಕ ಬಿರುದು ಶಾಸನಕಾರನಲ್ಲಿ ಇರಲಿಲ್ಲ. ಗಂಡಿನ ಬಿರುದನ್ನೇ ತೊಡಿಸಿದನು. 16ನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯು ದೀರ್ಘಕಾಲ ಆಳಿದಳು. ಕರಿಮೆಣಸಿನ ವ್ಯಾಪಾರದ ನಿಮಿತ್ತವಾಗಿ ಪೋರ್ಚುಗೀಸರೊಡನೆ ಅವಳ ವ್ಯವಹಾರ ಪ್ರಸಿದ್ಧವಾದದ್ದು.

ಉಳ್ಳಾಲದ ಚೌಟ ವಂಶವು ಅಳಿಯಸಂತಾನದ್ದು. ಅಲ್ಲಿಯ ಅಬ್ಬಕ್ಕದೇವಿಯನ್ನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು 1623ರಲ್ಲಿ ಮಾಣೇಲಿನಲ್ಲಿ ಕಂಡನು. ಅವಳು ಬರಿಗಾಲಿನಲ್ಲಿ, ಸಾದಾ ಬಟ್ಟೆಯಲ್ಲಿ, ನೀರಿನ ಕಾಲುವೆ ತೋಡುವ ಕೆಲಸವನ್ನು ನೋಡಿಕೊಂಡು ಬರುತ್ತಿದ್ದಳು. ನೋಟಕ್ಕೆ ಅವಳು ಅಡುಗೆಯವಳಂತೆಯೋ ಅಗಸಗಿತ್ತಿಯಂತೆಯೋ ಇದ್ದಾಳೆಂದೂ, ಮಾತಿಗೆ ತೊಡಗಿದ ಮೇಲೆ ರಾಣಿಯೆಂಬುದು ತಿಳಿಯಿತೆಂದೂ ಅವನು ಬರೆದಿಟ್ಟಿದ್ದಾನೆ. ಪೋರ್ಚುಗೀಸರ ಸೇನೆಯ ಸೋಲಿಗೆ ಕಾರಣಳಾದವಳು ಇವಳೇ ಏನು ಎಂಬುದು ಅವನ ಅಚ್ಚರಿ. ಮಂಗಳೂರಿನ ಬಂಗ ಅರಸನಾದ ಗಂಡನಿಂದ ಬೇರ್ಪಟ್ಟು, ಅವನು ಪೋರ್ಚುಗೀಸರನ್ನು ಸೇರಿದಾಗ ಇವಳು ಇಕ್ಕೇರಿಯ ವೆಂಕಟಪ್ಪನಾಯಕನನ್ನು ಕರೆಸಿಕೊಂಡು ಎದುರಿಸಿದಳು. ಗಂಡನಿಂದ ಬೇರೆಯಾದರೂ ರಾಣಿಯ ಪದವಿಗೆ ಚ್ಯುತಿ ಬರಲಿಲ್ಲ. ಏಕೆಂದರೆ ಆ ಪದವಿಯು ಗಂಡನಿಂದ ಬಂದುದಲ್ಲ, ತಾಯಿಯ ಮನೆತನದಿಂದ ಬಂದುದು. ಅಳಿಯಸಂತಾನದ ನಿಜವಾದ ಬಲವು ಇಲ್ಲಿ ಕಾಣುತ್ತದೆ. ಅರಸನೊಬ್ಬನನ್ನು ಅವನ ಬಟ್ಟೆಯಿಂದ ಅಳೆಯುವುದಕ್ಕಿಂತ ಮೊದಲು ಅವನ ಸೇನೆಯಿಂದ ಅಳೆಯುತ್ತಾರೆ. ರಾಣಿಯನ್ನು ಅಳೆಯುವಾಗ ಮೊದಲು ರೂಪ, ಆಮೇಲೆ ಕಾರ್ಯ. ಪರದೇಶದ ಪ್ರವಾಸಿಯೊಬ್ಬನದೇ ಈ ದೋಷವೆಂದು ನಾವು ಹೇಳಲಾರೆವು.

ಮನೆಯೊಳಗಿನ ವ್ಯವಸ್ಥೆ

ರಾಣಿಯರ ಮಾತು ಹಾಗಿರಲಿ. ಸಾಮಾನ್ಯ ಕುಟುಂಬದಲ್ಲಿ ಸ್ಥಿತಿ ಹೇಗಿತ್ತು? ಕುಟುಂಬದ ಹಿರಿಯರು ಗಂಡಾಗಲಿ ಹೆಣ್ಣಾಗಲಿ ಯಜಮಾನಿಕೆಗೆ ಅರ್ಹರೆಂಬುದು ಅಳಿಯಸಂತಾನದ ಕಟ್ಟಳೆ. ಹಿರಿಯ ಗಂಡಸು ಯಜಮಾನ, ಹಿರಿಯ ಹೆಂಗಸು ಯಜಮಾನ್ತಿ. ಮಲೆಯಾಳದ ತರವಾಡಿನಲ್ಲಿ ಕಾರಣವನೆಂಬ ಹಿರಿಯ ಗಂಡಸಿಗೇ ಮುಖ್ಯಸ್ಥಾನವಿದ್ದುದರಿಂದ, ಈ ಅಂಶದಲ್ಲಿ ನಮ್ಮ ಕಟ್ಟಳೆಯು ಒಂದು ಹೆಜ್ಜೆ ಮುಂದೆ ಎನ್ನಬಹುದು. ಆದರೆ ಬಹುಮಟ್ಟಿಗೆ ವರ್ಗದ ಕಡತ, ಗೇಣಿ ವಸೂಲಿ, ಕೋರ್ಟು ವ್ಯವಹಾರ, ಭೂತದ ನೇಮದಲ್ಲಿ ಬೂಳ್ಯ ಸ್ವೀಕರಿಸುವ ಮರ್ಯಾದೆ ಇವೆಲ್ಲ ಗಂಡಸಿನ ಪಾಲಿಗೆ ಬಂದವು. ಕಣಜದ ಬೀಗದ ಕೈ, ಅಡುಗೆಮನೆ, ಹಟ್ಟಿ, ಹೆರಿಗೆ ಬಾಣಂತನಗಳು ಹೆಂಗಸಿನ ಪಾಲಿಗೆ. ಮೊದಲನೆಯದನ್ನು ಅಧಿಕಾರವೆಂದು ಕರೆದರು, ಎರಡನೆಯದನ್ನು ಮನೆಗೆಲಸವೆಂದು ಕರೆದರು.

ಹೀಗಿದ್ದರೂ ಈ ಕಟ್ಟು ಹೆಣ್ಣಿಗೆ ಕೊಟ್ಟ ಒಂದು ಆಸರೆಯನ್ನು ಕಡೆಗಣಿಸಲಾಗದು. ಮದುವೆಯಾದರೂ ಅವಳು ಹುಟ್ಟಿದ ಕುಟುಂಬದ ಸದಸ್ಯಳೇ. ಗಂಡ ಸತ್ತರೆ ಅವಳ ಅನ್ನಕ್ಕೆ ಕುಂದಿಲ್ಲ. ಮರಳಿ ಮದುವೆಯಾಗಲು ತಡೆಯಿಲ್ಲ. ಒಗೆತನ ಸರಿಹೋಗದಿದ್ದರೆ ಬಿಡುಗಡೆ ಪಡೆದು ತಾಯಿಮನೆಗೆ ಬರಬಹುದು. ಬಂದವಳು ಅಲ್ಲಿ ನೆಂಟಳಲ್ಲ, ಬಾಧ್ಯಸ್ಥಳು. ಅದೇ ಕಾಲದಲ್ಲಿ ನೆರೆಯ ಮಕ್ಕಳಕಟ್ಟಿನ ಮೇಲ್ವರ್ಗದ ಮನೆಗಳಲ್ಲಿ ಬಾಲವಿಧವೆಯು ತಲೆ ಬೋಳಿಸಿಕೊಂಡು ಅಡುಗೆಮನೆಯ ಕತ್ತಲೆಯಲ್ಲಿ ಆಯುಸ್ಸನ್ನು ಕಳೆಯುತ್ತಿದ್ದಳು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಅಂತರವು ಸ್ಪಷ್ಟವಾಗುತ್ತದೆ. ಗಂಡನ ಮರಣದಿಂದ ಒಬ್ಬಳ ಬೆಲೆ ಇಳಿಯಿತು, ಇನ್ನೊಬ್ಬಳ ಬೆಲೆ ಇಳಿಯಲಿಲ್ಲ.

ಗಂಡಸಿನ ಸ್ಥಿತಿಯೂ ವಿಚಿತ್ರವಾದದ್ದು. ತಾಯಿಮನೆಯಲ್ಲಿ ಅವನು ಆಳುವವನು. ಆದರೆ ಅಲ್ಲಿ ಅವನ ಮಕ್ಕಳಿಗೆ ಏನೂ ಇಲ್ಲ. ಹೆಂಡತಿಯ ಮನೆಯಲ್ಲಿ ಅವನ ಮಕ್ಕಳಿದ್ದಾರೆ. ಆದರೆ ಅಲ್ಲಿ ಅವನು ಅತಿಥಿ. ತನ್ನ ದುಡಿಮೆ ಅಳಿಯಂದಿರಿಗೆ, ತನ್ನ ಮಮತೆ ಮಕ್ಕಳಿಗೆ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸಕಥನದಲ್ಲಿಯೂ, ಬಂಟರಲ್ಲಿ ಆಸ್ತಿಯು ಸೋದರಿಯ ಮಕ್ಕಳಿಗೆ ಸಲ್ಲುವ ವಿಷಯವು ಬಂದಿದೆ. ಗಂಡಸಿನ ಬೆಲೆ ಅವನ ಯಜಮಾನಿಕೆಯಲ್ಲಿ, ಹೆಣ್ಣಿನ ಬೆಲೆ ಅವಳ ಸಂತತಿಯಲ್ಲಿ ಎಂಬುದು ಈ ಕಟ್ಟಿನ ತಿರುಳು.

ಪಾಡ್ದನದ ಸಾಕ್ಷ್ಯ

ಕಟ್ಟಳೆಯಲ್ಲಿದ್ದ ಹಕ್ಕು ಆಚರಣೆಯಲ್ಲಿ ಎಷ್ಟು ಉಳಿಯುತ್ತಿತ್ತೆಂಬುದಕ್ಕೆ ಹೆಂಗಸರೇ ಹೇಳಿಕೊಂಡ ಸಾಕ್ಷ್ಯವೊಂದಿದೆ. ಅದು ಸಿರಿಯ ಪಾಡ್ದನ. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಲೌರಿ ಹೊಂಕೊ, ಬಿ. ಎ. ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದ ವಿದ್ವಾಂಸರು 1998ರಲ್ಲಿ ಪ್ರಕಟಿಸಿದ ಮೇಲೆ ಅದು ಲೋಕವಿಖ್ಯಾತವಾಗಿದೆ. ಸಿರಿಯ ಗಂಡ ಕಾಂತು ಪೂಂಜನು ಅವಳ ಬಯಕೆಯ ಮದುವೆಗೆಂದು ತಂದ ಸೀರೆಯು ಸೂಳೆಯೊಬ್ಬಳು ಉಟ್ಟು ಬಿಟ್ಟದ್ದೆಂದು ತಿಳಿದಾಗ ಅವಳು ಅದನ್ನು ಮುಟ್ಟುವುದಿಲ್ಲ. ಗಂಡನಿಂದ ಬಿಡುಗಡೆ ಪಡೆಯುತ್ತಾಳೆ. ಮುಂದೆ ಮರುಮದುವೆಯೂ ಆಗುತ್ತಾಳೆ. ಇಷ್ಟರಮಟ್ಟಿಗೆ ಅಳಿಯಕಟ್ಟು ಅವಳ ಬೆನ್ನಿಗಿದೆ. ಆದರೆ ಅಜ್ಜನ ಮರಣಾನಂತರ ಸತ್ಯನಾಪುರದ ಅರಮನೆಯು ತನ್ನದೆಂದು ಅವಳು ಹೇಳಿದಾಗ, ಗಂಡು ದಾಯಾದಿಯು ಅಡ್ಡಬರುತ್ತಾನೆ. ಊರಿನ ಕೂಟವು ಅವಳ ಪಕ್ಷದಲ್ಲಿ ನಿಲ್ಲುವುದಿಲ್ಲ. ಗಂಡನನ್ನು ಬಿಡುವ ಸ್ವಾತಂತ್ರ್ಯವನ್ನು ಸಮಾಜವು ಒಪ್ಪಿತು, ನೆಲವನ್ನು ಆಳುವ ಸ್ವಾತಂತ್ರ್ಯವನ್ನು ಒಪ್ಪಲಿಲ್ಲ. ನೇಜಿ ನೆಡುವ ಗದ್ದೆಯಲ್ಲಿ ನಡು ಬಗ್ಗಿಸಿ ಹಾಡಿದ ಹೆಂಗಸರು ಈ ಭೇದವನ್ನು ಯಾವ ನ್ಯಾಯಶಾಸ್ತ್ರಜ್ಞನಿಗೂ ಕಡಿಮೆಯಿಲ್ಲದಂತೆ ಗುರುತಿಸಿದ್ದಾರೆ.

ನ್ಯಾಯಾಲಯದ ತಕ್ಕಡಿ

1799ರಲ್ಲಿ ಕನ್ನಡ ಜಿಲ್ಲೆಯು ಕಂಪೆನಿ ಸರಕಾರದ ಕೈಸೇರಿದ ಮೇಲೆ ಬಾಯಿಮಾತಿನ ಕಟ್ಟಳೆಯು ಕೋರ್ಟಿನ ಕಾಗದಕ್ಕೆ ಇಳಿಯಿತು. 1863ರಲ್ಲಿ ಮದ್ರಾಸು ಹೈಕೋರ್ಟು ಕೊಟ್ಟ ತೀರ್ಪಿನಿಂದ, ಕುಟುಂಬದ ಎಲ್ಲರೂ ಒಪ್ಪದೆ ಅಳಿಯಸಂತಾನದ ಆಸ್ತಿಯನ್ನು ಪಾಲು ಮಾಡಿಸಲು ಯಾರಿಗೂ ಹಕ್ಕಿಲ್ಲವೆಂಬುದು ಸ್ಥಿರವಾಯಿತು. ಅದೇ ಶತಮಾನದಲ್ಲಿ, ಈ ಕಟ್ಟಿನವರ ಮದುವೆಯು ಕಾನೂನಿನ ದೃಷ್ಟಿಯಲ್ಲಿ ಮದುವೆಯೇ ಅಲ್ಲವೆಂಬ ಅಭಿಪ್ರಾಯಕ್ಕೂ ಹೈಕೋರ್ಟು ಬಂದಿತು. ಊರೆಲ್ಲ ನೆರೆದು ಧಾರೆ ಎರೆದು ನಡೆಸಿದ ಮದುವೆಯು, ಗಂಡನು ಹೆಂಡತಿಯ ಮೇಲೆ ಪೂರ್ಣ ಸ್ವಾಮ್ಯ ಪಡೆಯಲಿಲ್ಲವೆಂಬ ಕಾರಣದಿಂದ, ನ್ಯಾಯಾಧೀಶರ ಕಣ್ಣಿಗೆ ಹಗುರವಾಗಿ ಕಂಡಿತು. ಅವರ ಅಳತೆಗೋಲು ಬೇರೆ ನಾಡಿನದು. ಬಿಟ್ಟುಹೋಗಬಲ್ಲ ಹೆಂಡತಿ ಹೆಂಡತಿಯಲ್ಲವೆಂಬುದು ಅದರ ತಾತ್ಪರ್ಯ. ತಾಯಿಮನೆಯ ಆಸರೆಯನ್ನು ಹೆಣ್ಣಿಗೆ ಕೊಟ್ಟ ಗುಣವೇ ಕೋರ್ಟಿನಲ್ಲಿ ಅವಳ ಮರ್ಯಾದೆಗೆ ಕುಂದನ್ನು ತಂದಿತು.

ವಿದ್ಯಾವಂತರಲ್ಲಿ ಇದರಿಂದ ನಾಚಿಕೆ ಹುಟ್ಟಿತು, ಸುಧಾರಣೆಯ ಕೂಗೆದ್ದಿತು. 1891ರ ಮಲಬಾರ್ ವಿವಾಹ ಆಯೋಗ, 1896ರ ಮಲಬಾರ್ ವಿವಾಹ ಕಾಯಿದೆ, 1898ರ ಮಲಬಾರ್ ಮರಣಶಾಸನ ಕಾಯಿದೆ ಇವೆಲ್ಲ ಆ ಕೂಗಿನ ಫಲಗಳು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ವಕೀಲಿ, ಸರಕಾರಿ ನೌಕರಿ, ವ್ಯಾಪಾರಗಳಿಂದ ಸ್ವಂತ ಗಳಿಕೆ ಮಾಡಿದ ಗಂಡಸು, ತನ್ನ ಹಣ ತನ್ನ ಹೆಂಡತಿ ಮಕ್ಕಳಿಗೆ ಸಲ್ಲುವುದಿಲ್ಲವಲ್ಲ ಎಂದು ನೊಂದನು. ಆ ನೋವು ನ್ಯಾಯವಾದದ್ದೇ. ಆದರೆ ಕಾಯಿದೆಗಳು ಬಂದದ್ದು ಮುಖ್ಯವಾಗಿ ಆ ನೋವಿನ ನಿವಾರಣೆಗೆ. ಯಜಮಾನಿಕೆಯ ರುಜು ತನಗೆ ಸಿಗಲಿಲ್ಲವೆಂದು ಯಾವಳೋ ಯಜಮಾನ್ತಿ ನೊಂದಿದ್ದರೆ, ಅದನ್ನು ಬರೆದುಕೊಳ್ಳಲು ಆಯೋಗದಲ್ಲಿ ಹೆಂಗಸೊಬ್ಬಳೂ ಇರಲಿಲ್ಲ.

ಸಂತತಿ ಕವರು, ನಿಸ್ಸಂತತಿ ಕವರು

ಕೊನೆಗೆ 1949ರಲ್ಲಿ ಮದ್ರಾಸು ಅಳಿಯಸಂತಾನ ಕಾಯಿದೆ ಬಂದಿತು. ಈ ಕಟ್ಟಿನ ಮದುವೆಗೆ ಕಾನೂನಿನ ಮನ್ನಣೆ ಸಿಕ್ಕಿತು. ಹೆಂಡತಿ ಮಕ್ಕಳ ಜೀವನಾಂಶಕ್ಕೆ ದಾರಿಯಾಯಿತು. ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ಕವರುಗಳಿಗೆ ಬಂದಿತು. ಕವರು ಎಂದರೆ ಒಬ್ಬ ಹೆಂಗಸು, ಅವಳ ಮಕ್ಕಳು ಮತ್ತು ಹೆಣ್ಣಿನ ಮೂಲಕ ಬಂದ ಅವಳ ಸಂತತಿ ಸೇರಿದ ಶಾಖೆ.

ಕಾಯಿದೆಯು ಕವರುಗಳನ್ನು ಎರಡಾಗಿ ವಿಂಗಡಿಸಿತು. 50 ವರ್ಷ ತುಂಬದ ಹೆಂಗಸು ಒಬ್ಬಳಾದರೂ ಇರುವ ಕವರು ಸಂತತಿ ಕವರು. ಅಂಥವಳು ಇಲ್ಲದ್ದು ನಿಸ್ಸಂತತಿ ಕವರು. ಸಂತತಿ ಕವರಿಗೆ ತನ್ನ ಪಾಲಿನಲ್ಲಿ ಪೂರ್ಣ ಹಕ್ಕು. ಕುಟುಂಬದಲ್ಲಿ ಬೇರೆ ಸಂತತಿ ಕವರು ಇರುವಾಗ ನಿಸ್ಸಂತತಿ ಕವರಿಗೆ ಜೀವಿತಾವಧಿಯ ಹಕ್ಕು ಮಾತ್ರ. ಅನುಭವಿಸಬಹುದು, ಕೊನೆಗೆ ಅದು ಕುಟುಂಬಕ್ಕೆ ಮರಳಬೇಕು.

ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿಶದಪಡಿಸೋಣ. ತಾಯಿ ತೀರಿಕೊಂಡ ಮನೆಯಲ್ಲಿ ಮೂವರು. ಹಿರಿಯ ಮಗಳಿಗೆ 52 ವರ್ಷ, ಮಕ್ಕಳಿಲ್ಲ. ಮಗನಿಗೆ 45 ವರ್ಷ, ಅವನಿಗೆ ಹೆಂಡತಿ ಮಕ್ಕಳಿದ್ದಾರೆ. ಕಿರಿಯಳಿಗೆ 40 ವರ್ಷ. ಪಾಲು ಮಾಡಿದರೆ ಕಿರಿಯಳ ಪಾಲು ಪೂರ್ಣವಾಗಿ ಅವಳದು. ಮಗನ ಪಾಲು ಅವನು ಬದುಕಿರುವ ತನಕ. ಅವನ ಮಕ್ಕಳು ಅವನ ಹೆಂಡತಿಯ ಕುಟುಂಬದವರಾದುದರಿಂದ ಕಾನೂನಿನ ಲೆಕ್ಕದಲ್ಲಿ ಅವನು ನಿಸ್ಸಂತತಿ. ಹಿರಿಯ ಮಗಳೂ ನಿಸ್ಸಂತತಿ. ಅವಳಿಗೆ 48 ವರ್ಷವಾಗಿದ್ದರೆ, ಮಕ್ಕಳಿಲ್ಲದಿದ್ದರೂ, ಅವಳು ಪೂರ್ಣ ಹಕ್ಕಿನವಳು. ಹೆಣ್ಣು ಎಂಬ ಕಾರಣದಿಂದ ಅವಳಿಗೆ ಬೆಲೆ ಇರಲಿಲ್ಲ. ಹೆರಬಲ್ಲಳೆಂಬ ಕಾರಣದಿಂದ ಇತ್ತು. ಆ ಶಕ್ತಿ ಉಡುಗಿತೆಂದು ಕಾಯಿದೆ ಊಹಿಸಿದ ದಿನ, ಅವಳು ತನ್ನ ತಮ್ಮನ ಸಾಲಿಗೆ ಬಂದು ನಿಂತಳು.

ಈ ವಿಂಗಡಣೆಯನ್ನು ಮಾಡಿದವರಲ್ಲಿ ದುರುದ್ದೇಶವಿತ್ತೆಂದು ನಾವು ಭಾವಿಸುವುದಿಲ್ಲ. ಗಂಡಸಿನ ಪಾಲು ಪೂರ್ಣವಾದರೆ ಅದು ಅವನ ಮಕ್ಕಳ ಮೂಲಕ ಬೇರೆ ಕುಟುಂಬಕ್ಕೆ ಹೋಗಿ, ತಾಯಿಮನೆಯು ಬರಿದಾಗುವುದೆಂಬ ಭಯ ಅವರಿಗಿತ್ತು. ಆಸ್ತಿಯ ಜೊತೆಗೆ ದೈವದ ಚಾವಡಿ, ನಾಗನ ಬನ, ಪೂರ್ವಿಕರ ಕಟ್ಟಳೆಗಳೂ ಇರುತ್ತಿದ್ದುದರಿಂದ ಆ ಭಯ ನಿರಾಧಾರವಾದುದಲ್ಲ. ಆದರೂ ವ್ಯಕ್ತಿಯ ದುಡಿಮೆ, ಯೋಗ್ಯತೆ, ಅವಶ್ಯಕತೆಗಳಲ್ಲಿ ಒಂದೂ ಆ ತಕ್ಕಡಿಗೆ ಬೀಳಲಿಲ್ಲವೆಂಬುದನ್ನು ಮರೆಯಬಾರದು. ಜೀವಮಾನವಿಡೀ ಗದ್ದೆಯಲ್ಲಿ ದುಡಿದು ತಂಗಿಯ ಮಕ್ಕಳನ್ನು ಸಾಕಿದ ಅಕ್ಕನಿಗೂ, ಹಾಗೆಯೇ ದುಡಿದ ಅಣ್ಣನಿಗೂ, ಕಾಯಿದೆಯ ಪುಸ್ತಕದಲ್ಲಿ ಸಿಕ್ಕ ಹೆಸರು ನಿಸ್ಸಂತತಿ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಈ ಲೆಕ್ಕವನ್ನು ಬಹಳಮಟ್ಟಿಗೆ ಕದಡಿತು. ಅವಿಭಕ್ತ ಕುಟುಂಬದ ಸದಸ್ಯರು ತೀರಿಕೊಂಡಾಗ, ಸಾವಿನ ಮುಂಚಿನ ಕ್ಷಣದಲ್ಲಿ ತಲೆಯೆಣಿಕೆಯಂತೆ ಪಾಲಾಗಿ ಅವರ ಅಂಶವು ಪೂರ್ಣ ಹಕ್ಕಿನಿಂದ ಅವರಿಗೆ ಸಂದಿತ್ತೆಂದು ಭಾವಿಸಿ, ಅದು ಅವರ ವಾರಸುದಾರರಿಗೆ ಹೋಗತಕ್ಕದ್ದೆಂದು 7ನೆಯ ಕಲಮು ಹೇಳಿತು. ಬದುಕಿರುವಾಗ ಪಾಲು ಪಡೆದ ಗಂಡಸಿಗೆ 1949ರ ಕಾಯಿದೆಯಂತೆ ಜೀವಿತಾವಧಿಯ ಹಕ್ಕು. ಪಾಲು ಕೇಳದೆ ಸತ್ತವನಿಗೆ 1956ರ ಕಾಯಿದೆಯಂತೆ ಪೂರ್ಣ ಹಕ್ಕು! ಈ ವೈಪರೀತ್ಯದಿಂದ ಹುಟ್ಟಿದ ವ್ಯಾಜ್ಯವು 1973ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಅದೇ ಕಾಯಿದೆಯಲ್ಲಿ ಇನ್ನೊಂದು ಹೋಲಿಕೆ ಇದೆ. ಮಕ್ಕಳಿಲ್ಲದ ಹೆಂಗಸೊಬ್ಬಳು ಸ್ವಂತ ಗಳಿಕೆಯನ್ನು ಬಿಟ್ಟು, ಮರಣಶಾಸನ ಬರೆಯದೆ ತೀರಿಕೊಂಡಳೆನ್ನೋಣ. 15ನೆಯ ಕಲಮಿನಂತೆ ಸಾಮಾನ್ಯವಾಗಿ ಅದು ಗಂಡನಿಗೆ. ಅವನಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವರೂ ಇಲ್ಲದಿದ್ದರೆ ಮಾತ್ರ ಅವಳ ತಂದೆತಾಯಿಗಳಿಗೆ. ಆದರೆ ಅಳಿಯಕಟ್ಟಿನವಳಾಗಿದ್ದರೆ 17ನೆಯ ಕಲಮಿನಂತೆ ಮೊದಲ ಸಾಲಿನಲ್ಲಿ ಮಕ್ಕಳೊಡನೆ ತಾಯಿ. ಎರಡನೆಯ ಸಾಲಿನಲ್ಲಿ ತಂದೆ ಮತ್ತು ಗಂಡ. ಗಂಡನ ವಾರಸುದಾರರು ಕಟ್ಟಕಡೆಗೆ. ಇಬ್ಬರೂ ಒಂದೇ ಶಾಲೆಯಲ್ಲಿ ಪಾಠ ಹೇಳುವ ಉಪಾಧ್ಯಾಯಿನಿಯರಾಗಿರಬಹುದು. ಒಂದೇ ಸಂಬಳ ಪಡೆಯುತ್ತಿರಬಹುದು. ಒಬ್ಬಳನ್ನು ಕಾಯಿದೆಯು ಗಂಡನ ಮನೆಯವಳೆಂದು ಎಣಿಸಿದೆ, ಇನ್ನೊಬ್ಬಳನ್ನು ತಾಯಿಯ ಮಗಳೆಂದು ಎಣಿಸಿದೆ. 2005ರ ತಿದ್ದುಪಡಿಯಿಂದ ಮಕ್ಕಳಕಟ್ಟಿನ ಹೆಣ್ಣುಮಗಳಿಗೆ ಹುಟ್ಟಿನಿಂದ ಪಿತ್ರಾರ್ಜಿತದಲ್ಲಿ ಹಕ್ಕು ಬಂದಿತಾದರೂ 15ನೆಯ ಕಲಮಿನ ಈ ಕ್ರಮವನ್ನು ಅದು ಬದಲಿಸಲಿಲ್ಲ.

ಗಡಿಯ ಆಚೆ ಈಚೆ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ತಲಪಾಡಿಯ ಆಚೆ ಈಚೆ ಒಂದೇ ಬಳಿಯವರು, ಒಂದೇ ದೈವದ ಒಕ್ಕಲಿನವರು, ಎರಡು ರಾಜ್ಯಗಳ ಪ್ರಜೆಗಳಾದರು. ಕೇರಳದ ಅವಿಭಕ್ತ ಹಿಂದೂ ಕುಟುಂಬ ಪದ್ಧತಿ ರದ್ದತಿಯ 1975ರ ಕಾಯಿದೆಯು 1976ರ ಡಿಸೆಂಬರ್ 1ರಂದು ಜಾರಿಗೆ ಬಂದಾಗ, ಇತ್ತಕಡೆಯ ಅಳಿಯಸಂತಾನ ಕುಟುಂಬಗಳೆಲ್ಲವೂ ತಲೆಗೊಂದು ಪಾಲಿನಂತೆ ವಿಭಾಗವಾದವೆಂದು ಗಣಿಸಲ್ಪಟ್ಟವು. 1949ರ ಕಾಯಿದೆಯು ಕೇರಳದ ಮಟ್ಟಿಗೆ ರದ್ದಾಯಿತು. ಸಂತತಿ, ನಿಸ್ಸಂತತಿಗಳ ಭೇದವು ಆ ದಿನ ಇಲ್ಲಿ ಅಳಿಯಿತು. ಗಂಡು, ಹೆಣ್ಣು, ಮುದುಕಿ, ತೊಟ್ಟಿಲ ಕೂಸು ಎಲ್ಲರಿಗೂ ಒಂದೊಂದು ಸಮಪಾಲು. ದಕ್ಷಿಣ ಕನ್ನಡದ ಕಡೆಯಲ್ಲಿ ಅಂಥ ಒಂದೇ ದಿನದ ರದ್ದತಿ ನಡೆಯಲಿಲ್ಲ. ಅಲ್ಲಿ ಕುಟುಂಬಗಳು ಒಂದೊಂದು ಪಾಲುಪಟ್ಟಿಯಿಂದ, ಒಂದೊಂದು ಮರಣದಿಂದ ಕರಗುತ್ತ ಬಂದವು. ಒಡಹುಟ್ಟಿದವರಲ್ಲಿ ಒಬ್ಬಳ ಬೆಲೆಯನ್ನು ಒಂದು ಬಗೆಯಾಗಿ, ಇನ್ನೊಬ್ಬಳದನ್ನು ಇನ್ನೊಂದು ಬಗೆಯಾಗಿ ಗಡಿಯ ಗೆರೆಯೇ ನಿರ್ಣಯಿಸಿತು.

ಸಮಪಾಲು ಬಂದದ್ದು ನ್ಯಾಯ. ಅದನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಆದರೆ ಅದರ ಜೊತೆಗೆ ಹೋದದ್ದು ಏನೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೇರಳದಲ್ಲಿ 1970ರ ಜನವರಿ 1ರಿಂದ, ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಗಿ, ದೊಡ್ಡ ಕುಟುಂಬಗಳ ಭೂಮಿಯು ಉಳುವವರಿಗೆ ಸೇರಿತು. ಉಳಿದದ್ದು ಪಾಲಾಯಿತು. ಪಾಲಾದ ಮೇಲೆ, ಬಾಳು ಮುರಿದ ಹೆಣ್ಣು ಮರಳಿ ಬರಬೇಕಾದ ತಾಯಿಮನೆ ಎಲ್ಲಿ? ಅವಳ ಕೈಯಲ್ಲಿ ಕೆಲವು ಸೆಂಟು ನೆಲದ ದಸ್ತಾವೇಜು ಇರಬಹುದು. ಎಂದೆಂದಿಗೂ ತೆರೆದಿರುತ್ತಿದ್ದ ಚಾವಡಿಯ ಬಾಗಿಲು ಇಲ್ಲ. ತಂದೆಯ ಹೆಸರು, ಗಂಡನ ಮನೆ, ಅಣುಕುಟುಂಬಗಳ ರೂಢಿ ಬಲವಾದಂತೆ, ಮೊದಲು ಈ ಕಟ್ಟಿಗೆ ಹೊರಗಿನದಾಗಿದ್ದ ವರದಕ್ಷಿಣೆಯೂ ಒಳಹೊಕ್ಕಿತು. ಯಾವಳ ಮೂಲಕ ಕುಟುಂಬವು ಉಳಿಯುತ್ತಿತ್ತೋ ಅವಳನ್ನು ಕಳುಹಿಸಿಕೊಡಲು ಹಣ ಕೊಡಬೇಕಾದ ಕಾಲ ಬಂದಿತು. 1961ರ ವರದಕ್ಷಿಣೆ ನಿಷೇಧ ಕಾಯಿದೆಯಿಂದ ಈ ಪಿಡುಗು ತೊಲಗಲಿಲ್ಲವೆಂಬುದು ಎಲ್ಲರಿಗೂ ತಿಳಿದ ಮಾತು.

ಇಷ್ಟು ವಿಚಾರದಿಂದ ಫಲಿಸುವುದೇನೆಂದರೆ, ಅಳಿಯಸಂತಾನವನ್ನು ಸ್ತ್ರೀರಾಜ್ಯವೆಂದು ಹೊಗಳುವುದೂ ತಪ್ಪು, ಅನಾಗರಿಕವೆಂದು ಹಳಿಯುವುದೂ ತಪ್ಪು. ಅದು ಹೆಣ್ಣಿಗೆ ನೆಲೆಯನ್ನು ಕೊಟ್ಟಿತು, ರುಜುವನ್ನು ಕೊಡಲಿಲ್ಲ. ಗಂಡಿಗೆ ರುಜುವನ್ನು ಕೊಟ್ಟಿತು, ನೆಲೆಯನ್ನು ಕೊಡಲಿಲ್ಲ. ಹೊಸ ಕಾಯಿದೆಗಳು ಇಬ್ಬರಿಗೂ ರುಜುವನ್ನು ಕೊಟ್ಟಿವೆ. ಇಬ್ಬರಿಗೂ ನೆಲೆಯನ್ನು ಕೊಡುವ ಕೆಲಸವು ಕಾಯಿದೆಯಿಂದ ಮಾತ್ರ ಆಗತಕ್ಕದ್ದಲ್ಲ.

ಅಧ್ಯಾಪಕ ಮಿತ್ರರಲ್ಲಿ ವಿಜ್ಞಾಪನೆ

ಕೊನೆಯದಾಗಿ ನಮ್ಮ ಸಹೋದ್ಯೋಗಿಗಳಲ್ಲಿ ಒಂದು ಮಾತು. ಈ ಇತಿಹಾಸದ ಬಹುಪಾಲು ಸಾಮಗ್ರಿಯು ಇನ್ನೂ ಅಚ್ಚಾಗಿಲ್ಲ. ಅದು ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ, ಪಾಲುಪಟ್ಟಿ, ಕರಾರು ಪತ್ರ, ಗೇಣಿ ಚೀಟು, ಮರಣಶಾಸನಗಳ ರೂಪದಲ್ಲಿದೆ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದ ಆ ಕಾಗದಗಳ ಭಾಷೆ ಹೆಚ್ಚಾಗಿ ಕನ್ನಡ. ಅದೂ ಮೋಡಿಯಂಥ ಕೈಬರಹದ, ಮರಾಠಿ ಪಾರಸಿ ಶಬ್ದಗಳು ಬೆರೆತ ಕಚೇರಿಯ ಕನ್ನಡ. ಮನೆಯ ಹೊಸ ತಲೆಮಾರಿನವರು ಬೇರೆ ಮಾಧ್ಯಮದಲ್ಲಿ ಓದಿದವರಾದರೆ ಅಜ್ಜಿಯ ಹಕ್ಕುಪತ್ರವನ್ನು ಓದಲಾರರು. ಓದಲಾರದ ಕಾಗದವು ಮಳೆಗಾಲದ ಒಲೆಗೆ ಹೋಗುತ್ತದೆ. ಗಡಿನಾಡಿನಲ್ಲಿ ಕನ್ನಡವನ್ನು ಕಲಿಸುವುದೆಂದರೆ ಇಂಥ ಹಕ್ಕಿನ ಸಾಕ್ಷ್ಯವನ್ನು ಉಳಿಸುವುದೂ ಹೌದು.

ನಮ್ಮ ಶಾಲೆಗಳಲ್ಲಿಯೇ ಒಂದು ಆಕರವಿದೆ. ಹಳೆಯ ದಾಖಲಾತಿ ಪುಸ್ತಕಗಳಲ್ಲಿ ಪೋಷಕರ ಹೆಸರಿನ ಅಂಕಣವನ್ನು ತೆರೆದು, ಅಲ್ಲಿ ಬರೆದಿರುವುದು ತಂದೆಯ ಹೆಸರೋ, ಸೋದರಮಾವನದೋ, ತಾಯಿಯದೋ ಎಂಬುದನ್ನು ಹತ್ತು ಹತ್ತು ವರ್ಷಗಳ ಲೆಕ್ಕದಲ್ಲಿ ಎಣಿಸಿದರೆ, ಈ ಕಟ್ಟು ಯಾವ ಊರಿನಲ್ಲಿ ಯಾವಾಗ ಸಡಿಲವಾಯಿತೆಂಬುದು ಕಣ್ಣಿಗೆ ಕಟ್ಟುವಂತೆ ತಿಳಿದೀತು. ವ್ಯಕ್ತಿಗಳ ಹೆಸರುಗಳನ್ನು ಹೊರಗೆಡಹದೆ ಎಣಿಕೆಯನ್ನಷ್ಟೇ ಮಾಡಿದರೆ ಯಾರ ಮನಸ್ಸಿಗೂ ನೋವಿಲ್ಲ. ಹುಡುಗಿಯರು ಯಾವ ತರಗತಿಯಲ್ಲಿ ಶಾಲೆ ಬಿಟ್ಟರು, ಅವರ ಅಣ್ಣತಮ್ಮಂದಿರು ಯಾವ ತರಗತಿಯವರೆಗೆ ಓದಿದರು ಎಂಬುದನ್ನೂ ಅದೇ ಪುಸ್ತಕದಿಂದ ತೆಗೆಯಬಹುದು. ತಾಯಿಯ ಮೂಲಕ ವಂಶವನ್ನು ಎಣಿಸಿದ ಮನೆಗಳು ಮಗಳ ವಿದ್ಯೆಯನ್ನು ಮಗನ ವಿದ್ಯೆಗೆ ಸಮವಾಗಿ ಎಣಿಸಿದವೇ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರವು ಆ ಪುಟಗಳಲ್ಲಿದೆ. ಪ್ರತಿಯೊಂದು ಶಾಲೆಯಿಂದ ಒಬ್ಬೊಬ್ಬ ಅಧ್ಯಾಪಕರು ಈ ಕೆಲಸವನ್ನು ಕೈಗೆತ್ತಿಕೊಂಡರೆ, ಮುಂದಿನ ಸಂಚಿಕೆಯ ಹೊತ್ತಿಗೆ ನಾವು ಊಹೆಯನ್ನು ಬಿಟ್ಟು ಲೆಕ್ಕವನ್ನು ಹಿಡಿದು ಮಾತನಾಡಬಹುದು.